ಆರನೇ ಹೆಜ್ಜೆಯ ಕಾಲು: ಎಚ್.ಎನ್. ಗಿರೀಶ್ ಅವರ ಎತ್ತರ ಜಿಗಿತ

(ಶಾಲಾ ಕಾಲೇಜುಗಳ ದೈಹಿಕ ಶಿಕ್ಷಕರು ಮತ್ತು ಅಥ್ಲೆಟಿಕ್ಸ್ ತರಬೇತುದಾರರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2012ರ ಸೆಪ್ಟೆಂಬರ್ 3ರಂದು ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪುರುಷರ ಎಫ್42 ವರ್ಗದ ಎತ್ತರ ಜಿಗಿತದ ಫೈನಲ್ ನಡೆಯಿತು. ಚಿನ್ನ ಗೆದ್ದವರು ಫಿಜಿ ದೇಶದ ಇಲಿಯೆಸಾ ಡೆಲಾನಾ, ಬೆಳ್ಳಿ ಗೆದ್ದವರು ನಮ್ಮ ಗಿರೀಶ್, ಕಂಚು ಪೋಲೆಂಡಿನ ಲುಕಾಶ್ ಮಾಮ್ಚಾರ್ಜ್ ಅವರಿಗೆ. ಚಿನ್ನ ಗೆದ್ದವರು ದಾಟಿದ್ದು 1.74 ಮೀಟರ್. ಬೆಳ್ಳಿ ಗೆದ್ದವರು ದಾಟಿದ್ದೂ 1.74 ಮೀಟರೇ. ಆ ಕೂಟದಲ್ಲಿ ಇಡೀ ಭಾರತಕ್ಕೆ ಸಿಕ್ಕಿದ್ದು ಅದೊಂದೇ ಪದಕ. ಪ್ಯಾರಾಲಿಂಪಿಕ್ಸ್ ಎತ್ತರ ಜಿಗಿತದಲ್ಲಿ ಭಾರತಕ್ಕೆ ಅದು ಮೊಟ್ಟಮೊದಲ ಪದಕವೂ ಹೌದು. ಅಲ್ಲಿಂದೀಚೆಗೆ ರಿಯೊದಲ್ಲಿ ಎರಡು, ಟೋಕಿಯೊದಲ್ಲಿ ನಾಲ್ಕು, ಪ್ಯಾರಿಸ್‌ನಲ್ಲಿ ನಾಲ್ಕು, ಹೀಗೆ ಪ್ರತಿ ಸಲವೂ ನಮ್ಮ ಜಿಗಿತಗಾರರು ಪದಕ ತಂದಿದ್ದಾರೆ.

ಗಿರೀಶ್ ಅವರ ಪೂರ್ಣ ಹೆಸರು ಗಿರೀಶ್ ಹೊಸನಗರ ನಾಗರಾಜೇಗೌಡ. ಈ ಹೊಸನಗರ ಶಿವಮೊಗ್ಗದ ತಾಲ್ಲೂಕು ಕೇಂದ್ರವಲ್ಲ, ಹಾಸನ ಜಿಲ್ಲೆಯ ಒಂದು ಹಳ್ಳಿ. ಹುಟ್ಟಿದ್ದು 1988ರ ಜನವರಿ 26ರಂದು, ಎಡಗಾಲಿನ ಊನದೊಂದಿಗೆ. ಶಾಲಾ ದಿನಗಳಲ್ಲಿ ಅವರು ಜಿಗಿದದ್ದು ಅಂಗವಿಕಲರ ಪ್ರತ್ಯೇಕ ಕೂಟಗಳಲ್ಲಲ್ಲ, ಉಳಿದ ಮಕ್ಕಳ ಜೊತೆಯಲ್ಲೇ. 2013ರಲ್ಲಿ ಪದ್ಮಶ್ರೀ, 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಇಷ್ಟು ವಿವರ ಪತ್ರಿಕೆಗಳಲ್ಲಿ ಬೇಕಾದಷ್ಟು ಸಲ ಬಂದಿದೆ. ಬಾರದೇ ಉಳಿದದ್ದು ಅವರು ಆ 1.74 ಮೀಟರನ್ನು ಹೇಗೆ ದಾಟಿದರು ಎಂಬ ವಿವರ. 'ಛಲವಿತ್ತು, ಗೆದ್ದರು' ಎಂದು ಬರೆದು ಮುಗಿಸಿಬಿಡುತ್ತಾರೆ. ಛಲ ಇಲ್ಲದೆ ಫೈನಲ್‌ಗೆ ಬಂದವರು ಆ ದಿನ ಯಾರೂ ಇರಲಿಲ್ಲ. ಅಂಗವಿಕಲ ಕ್ರೀಡಾಪಟುವಿನ ಸಾಧನೆಯನ್ನು ಮನೋಬಲದ ಲೆಕ್ಕಕ್ಕೆ ಮಾತ್ರ ಸೇರಿಸಿದರೆ ಅವರು ವರ್ಷಗಟ್ಟಲೆ ರೂಢಿಸಿಕೊಂಡ ಕಸುಬನ್ನು ನಾವು ನೋಡಲಿಲ್ಲ ಎಂದೇ ಅರ್ಥ. ನೀವೆಲ್ಲ ಮಕ್ಕಳನ್ನು ಮೈದಾನಕ್ಕೆ ಇಳಿಸುವವರು. ಆದ್ದರಿಂದ ಇವತ್ತಿನ ಮಾತು ಆ ಕಸುಬಿನ ಬಗ್ಗೆ.

ಮೊದಲು ವರ್ಗದ ವಿಷಯ. ಎಫ್42 ಎಂದರೆ ಒಂದು ಕಾಲು ಮೊಣಕಾಲಿನ ಮೇಲಿನಿಂದಲೇ ಇಲ್ಲದವರು, ಅಥವಾ ಕಾಲಿದ್ದರೂ ಸೊಂಟ ಮತ್ತು ಮೊಣಕಾಲಿನ ಕೀಲುಗಳ ಶಕ್ತಿ ಹಾಗೂ ಚಲನೆ ಅಷ್ಟೇ ಮಟ್ಟಿಗೆ ಕುಂದಿರುವವರು. ಜಿಗಿತದ ಸ್ಪರ್ಧೆಗಳಿಗೆ ಇದನ್ನು ಆಮೇಲೆ ಟಿ42 ಎಂದು ಕರೆದರು. 2018ರಿಂದ ಕೃತಕ ಕಾಲು ಧರಿಸಿ ಸ್ಪರ್ಧಿಸುವವರಿಗೆ ಟಿ63 ಎಂಬ ಬೇರೆ ವರ್ಗ ಬಂತು. ಎತ್ತರ ಜಿಗಿತದಲ್ಲಿ ಎರಡೂ ವರ್ಗದವರನ್ನು ಒಂದೇ ಸ್ಪರ್ಧೆಯಲ್ಲಿ ಆಡಿಸುತ್ತಾರೆ, ಪಟ್ಟಿಯಲ್ಲಿ ಟಿ63 ಎಂದು ಕಾಣುತ್ತದೆ. ಹಾಗಾಗಿ ಗಿರೀಶ್ ಅವರ 1.74ನ್ನು ಪ್ರವೀಣ್ ಕುಮಾರ್ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ 2.08ರ ಪಕ್ಕ ಇಟ್ಟು ನೋಡಬಾರದು. ಅದು ಟಿ64, ಮೊಣಕಾಲಿನ ಕೆಳಗಿನ ಊನದವರ ಸ್ಪರ್ಧೆ. ನಿಶಾದ್ ಕುಮಾರ್ ಟೋಕಿಯೊದಲ್ಲಿ ಬೆಳ್ಳಿ ಗೆದ್ದ 2.06 ಟಿ47, ಅಂದರೆ ತೋಳಿನ ಊನ. ಮೊಣಕಾಲು ಮಾತು ಕೇಳುತ್ತದೆಯೋ ಇಲ್ಲವೋ ಎಂಬುದರ ಮೇಲೆ ಎತ್ತರ ಜಿಗಿತದಲ್ಲಿ ಹತ್ತಾರು ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ. ಯಾಕೆ ಎಂದು ಈಗ ನೋಡೋಣ.

ಎತ್ತರ ಜಿಗಿತದ ನಿಯಮ ಬಹಳ ಸಣ್ಣದು: ಒಂದೇ ಕಾಲಿನಿಂದ ನೆಗೆಯಬೇಕು. ಎರಡು ಕಾಲು ಜೋಡಿಸಿ ನೆಗೆಯುವಂತಿಲ್ಲ. ಎಡಗಾಲು ದುರ್ಬಲವಾಗಿರುವವರು ಬಲಗಾಲಿನಿಂದ ನೆಗೆಯುತ್ತಾರೆ, ಇದು ಯಾರಿಗಾದರೂ ಹೊಳೆಯುವ ಮಾತು. 'ಹಾಗಾದರೆ ಸಮಸ್ಯೆ ಏನು? ಗಟ್ಟಿ ಕಾಲಿದೆಯಲ್ಲ, ನೆಗೆದರಾಯಿತು' ಎಂದು ಮೈದಾನದ ಅಂಚಿನಲ್ಲಿ ನಿಂತವರಿಗೆ ಅನ್ನಿಸುತ್ತದೆ. ಸಮಸ್ಯೆ ಇರುವುದು ನೆಗೆಯುವ ಹೆಜ್ಜೆಯಲ್ಲಲ್ಲ, ಅದರ ಹಿಂದಿನ ಹೆಜ್ಜೆಯಲ್ಲಿ.

ಏಳು ಹೆಜ್ಜೆಯ ಓಟ ಎಂದುಕೊಳ್ಳಿ. ಏಳನೆಯದು ಬಲಗಾಲು, ನೆಗೆಯುವ ಕಾಲು. ಅಂದಮೇಲೆ ಆರನೆಯದು ಎಡಗಾಲು, ಅಂದರೆ ಊನದ ಕಾಲು. ಈ ಆರನೇ ಹೆಜ್ಜೆಯ ಕೆಲಸ ಏನು? ಓಡಿಬರುವ ದೇಹವನ್ನು ಮೊಣಕಾಲು ಮಡಿಸಿ ಸ್ವಲ್ಪ ಕೆಳಗಿಳಿಸುವುದು, ಆದರೆ ವೇಗ ಕಳೆಯದಂತೆ ಮುಂದಕ್ಕೆ ದಾಟಿಸುವುದು. ದೇಹ ಕೆಳಗಿಳಿದರೆ ತಾನೇ ಏಳನೇ ಹೆಜ್ಜೆಯಲ್ಲಿ ಮೇಲಕ್ಕೆ ತಳ್ಳಲು ದೂರ ಸಿಗುವುದು? ನೆಗೆಯುವ ಪಾದ ನೆಲದಲ್ಲಿ ಇರುವುದು ಒಂದು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು, ಒಳ್ಳೆಯ ಜಿಗಿತಗಾರರಲ್ಲಿ ಇನ್ನೂ ಕಡಿಮೆ. ಅಷ್ಟರೊಳಗೆ ಮುಂದಿನ ವೇಗವನ್ನು ಮೇಲಿನ ವೇಗವಾಗಿ ತಿರುಗಿಸಬೇಕು. ಅದಕ್ಕೆ ಬೇಕಾದ ತಯಾರಿ ಪೂರ್ತಿ ಆರನೇ ಹೆಜ್ಜೆಯದು. ತೊಡೆಯ ಸ್ನಾಯು ಸೋತ ಕಾಲು ಓಡುತ್ತಿರುವಾಗ ಅರ್ಧ ಮಡಚಿಕೊಂಡು ಇಡೀ ದೇಹದ ಭಾರ ಹೊರಲಾರದು. ಮಡಿಸಿದರೆ ಕುಸಿಯುತ್ತದೆ, ಕುಸಿಯದಂತೆ ನೆಟ್ಟಗೆ ಇಟ್ಟರೆ ದೇಹ ಕೆಳಗಿಳಿಯುವುದೇ ಇಲ್ಲ.

ಎರಡನೇ ಪೆಟ್ಟು ನೆಗೆಯುವ ಗಳಿಗೆಯಲ್ಲಿ. ಸಾಮಾನ್ಯ ಜಿಗಿತಗಾರ ಬಲಗಾಲಲ್ಲಿ ನೆಗೆಯುತ್ತಿರುವಾಗಲೇ ಎಡತೊಡೆಯನ್ನು ರಭಸದಿಂದ ಮೇಲಕ್ಕೆ ಬೀಸುತ್ತಾನೆ. ಒಂದು ಕಾಲಿನ ತೂಕ ದೇಹದ ತೂಕದ ಸುಮಾರು ಆರನೇ ಒಂದು ಭಾಗ. ಅದು ಮೇಲೆದ್ದರೆ, ಪಾದ ಇನ್ನೂ ನೆಲದಲ್ಲಿರುವಾಗಲೇ ದೇಹದ ಗುರುತ್ವ ಕೇಂದ್ರ (ದೇಹದ ಭಾರವೆಲ್ಲ ಸೇರಿದಂತಿರುವ ಬಿಂದು) ಕೆಲವು ಸೆಂಟಿಮೀಟರ್ ಮೇಲಕ್ಕೆ ಹೋಗಿರುತ್ತದೆ. ಬೀಸುವ ಕಾಲು ನಿಧಾನವಾದರೆ ಆ ಸೆಂಟಿಮೀಟರುಗಳೂ ಹೋದವು, ಬೀಸಿನಿಂದ ಸಿಗುವ ಒತ್ತಡವೂ ಹೋಯಿತು. ಊನ ಒಂದು ಕಾಲಿಗಾದರೂ ನಷ್ಟ ಎರಡು ಕಡೆ: ನೆಗೆತದ ಮುಂಚೆ ಒಂದು, ನೆಗೆತದ ನಡುವೆ ಒಂದು.

ಇನ್ನು ಬಾರ್ ದಾಟುವ ಶೈಲಿ. ಗಿರೀಶ್ ದಾಟಿದ್ದು ಸಿಜರ್ಸ್ ಶೈಲಿಯಲ್ಲಿ. ನಮ್ಮ ಹಳ್ಳಿ ಶಾಲೆಗಳಲ್ಲಿ ಎತ್ತರ ಜಿಗಿತ ಎಂದರೆ ಇವತ್ತಿಗೂ ಬಹುಪಾಲು ಇದೇ: ಓರೆಯಾಗಿ ಓಡಿಬಂದು, ಬಾರ್‌ಗೆ ಹತ್ತಿರದ ಕಾಲನ್ನು ಮೊದಲು ಎತ್ತಿ ಆಚೆ ಹಾಕಿ, ಹಿಂದಿನ ಕಾಲನ್ನು ಆಮೇಲೆ ಎಳೆದುಕೊಳ್ಳುವುದು. ಮುಖ್ಯ ಕಾರಣ ಮ್ಯಾಟ್ ಇಲ್ಲದಿರುವುದು. ಮರಳುಗುಂಡಿಯಲ್ಲಿ ಫಾಸ್ಬರಿ ಫ್ಲಾಪ್, ಅಂದರೆ ಬೆನ್ನನ್ನು ಬಾರ್ ಕಡೆ ಮಾಡಿ ದಾಟುವ ಶೈಲಿ, ಕಲಿಸುವಂತಿಲ್ಲ. ಬೆನ್ನು ಕೆಳಗಾಗಿ ಬಿದ್ದರೆ ಕುತ್ತಿಗೆಗೆ ಅಪಾಯ, ದಯವಿಟ್ಟು ಯಾರೂ ಆ ಸಾಹಸ ಮಾಡಿಸಬೇಡಿ. ಆದರೆ ಜಾಗತಿಕ ಮಟ್ಟದ ಸ್ಪರ್ಧೆಯಲ್ಲೂ ಸಿಜರ್ಸ್ ಬಳಸಿದ್ದಕ್ಕೆ ಮ್ಯಾಟಿನ ಕೊರತೆ ಕಾರಣವಾಗಲಾರದು. ದೇಹದ ಲೆಕ್ಕಾಚಾರ ಅಲ್ಲಿದೆ.

ಫ್ಲಾಪ್‌ನ ಓಟ ಕೊನೆಯ ನಾಲ್ಕೈದು ಹೆಜ್ಜೆಗಳಲ್ಲಿ ಬಾಗುತ್ತದೆ. ಬಲಗಾಲಲ್ಲಿ ನೆಗೆಯುವವರು ಬಾರ್‌ನ ಎಡಗಡೆಯಿಂದ ಬಂದು ಬಲಕ್ಕೆ ತಿರುಗುತ್ತಾರೆ, ದೇಹ ಬಾರ್‌ನಿಂದ ದೂರಕ್ಕೆ ವಾಲಿರುತ್ತದೆ. ಆ ವಾಲಿಕೆಯನ್ನು ಹಿಡಿದುಕೊಂಡು ವೇಗ ಹೆಚ್ಚಿಸಲು ತಿರುವಿನ ಹೊರಬದಿಯ ಕಾಲು, ಅಂದರೆ ಎಡಗಾಲು, ನೆಲವನ್ನು ಅಡ್ಡಡ್ಡ ತಳ್ಳಬೇಕು. ನೆಗೆದ ಮೇಲೆ ಬೆನ್ನು ಬಾರ್ ಕಡೆ ತಿರುಗಬೇಕಾದರೂ ಎಡಮೊಣಕಾಲಿನ ಬೀಸು ಬೇಕು. ಎರಡೂ ಕೆಲಸ ಊನದ ಕಾಲಿನ ಪಾಲಿಗೇ ಬಂದವು. ಸಿಜರ್ಸ್‌ನಲ್ಲಿ ಓಟ ನೇರ, ಬಾರ್‌ಗೆ 30ರಿಂದ 40 ಡಿಗ್ರಿ ಓರೆ ಅಷ್ಟೆ. ತಿರುವಿಲ್ಲ, ಬೆನ್ನು ತಿರುಗಿಸುವ ಗೋಜಿಲ್ಲ.

ಹಾಗಂತ ಸಿಜರ್ಸ್ ಅಗ್ಗವೇನಲ್ಲ. ಅದಕ್ಕೆ ತೆರಬೇಕಾದ ಬೆಲೆಯನ್ನು ಅಂಕಿಯಲ್ಲೇ ನೋಡಿ. ಫ್ಲಾಪ್‌ನಲ್ಲಿ ದೇಹ ಬಾರ್ ಮೇಲೆ ಕಮಾನಾಗಿ ಬಾಗುವುದರಿಂದ ಗುರುತ್ವ ಕೇಂದ್ರ ಬಾರ್‌ಗೆ ತೀರ ಹತ್ತಿರ ಹಾದುಹೋಗುತ್ತದೆ. ಸಿಜರ್ಸ್‌ನಲ್ಲಿ ಮುಂಡ ನೆಟ್ಟಗಿರುತ್ತದೆ, ಕೂತ ಭಂಗಿಯಲ್ಲಿ ದಾಟುತ್ತೇವೆ. ಗುರುತ್ವ ಕೇಂದ್ರ ಬಾರ್‌ಗಿಂತ ಸುಮಾರು 25 ಸೆಂಟಿಮೀಟರ್ ಮೇಲೆ ಹೋಗಲೇಬೇಕು. ಒಬ್ಬ ಜಿಗಿತಗಾರನ ಗುರುತ್ವ ಕೇಂದ್ರ ನೆಲ ಬಿಡುವಾಗ 1.10 ಮೀಟರ್ ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳೋಣ. ಇದು ಉದಾಹರಣೆ, ಗಿರೀಶ್ ಅವರ ದೇಹದ ಅಳತೆಯಲ್ಲ. 1.74ನ್ನು ಸಿಜರ್ಸ್‌ನಲ್ಲಿ ದಾಟಲು ಅದು 1.99ಕ್ಕೆ ಏರಬೇಕು, ಅಂದರೆ 89 ಸೆಂಟಿಮೀಟರ್ ಏರಿಕೆ. ಅದಕ್ಕೆ ನೆಲ ಬಿಡುವಾಗ ಮೇಲ್ಮುಖ ವೇಗ ಸೆಕೆಂಡಿಗೆ ಸುಮಾರು 4.2 ಮೀಟರ್ ಬೇಕು. ಅದೇ ಮನುಷ್ಯ ಚೆನ್ನಾಗಿ ಫ್ಲಾಪ್ ಮಾಡಿ 5 ಸೆಂಟಿಮೀಟರ್ ಅಂತರದಲ್ಲಿ ದಾಟಿದರೆ 3.7 ಮೀಟರ್ ವೇಗ ಸಾಕು. ಸಿಜರ್ಸ್‌ನಲ್ಲಿ 1.74 ದಾಟಿದವರ ಬಲಗಾಲಿನಲ್ಲಿ ಇದ್ದ ಶಕ್ತಿ ಎಂಥದ್ದು ಎಂದು ಇದರಿಂದ ತಿಳಿಯುತ್ತದೆ. ಬೋರ್ಡಿನಲ್ಲಿ ಕಾಣುವ ಅಂಕಿಗಿಂತ ಅವರ ನೆಗೆತ ಬಹಳ ದೊಡ್ಡದು. ನನ್ನ ಮಟ್ಟಿಗೆ ಆ ಬೆಳ್ಳಿ ಪದಕದ ನಿಜವಾದ ತೂಕ ಇದು.

ಡೆಲಾನಾ ಅವರ ದಾರಿ ಬೇರೆ. ಮೂರನೇ ವಯಸ್ಸಿನಲ್ಲಿ ಬಸ್ ಅಪಘಾತದಲ್ಲಿ ಎಡಗಾಲು ಕಳೆದುಕೊಂಡವರು ಅವರು. ಕೃತಕ ಕಾಲು ಕಟ್ಟಿಕೊಳ್ಳದೆ ಒಂಟಿಕಾಲಲ್ಲಿ ಕುಪ್ಪಳಿಸುತ್ತಲೇ ಬಂದು ನೆಗೆಯುತ್ತಾರೆ. ಅಲ್ಲಿ ಆರನೇ ಹೆಜ್ಜೆಯ ಪ್ರಶ್ನೆಯೇ ಬೇರೆ, ಪ್ರತಿ ಹೆಜ್ಜೆಯೂ ಅದೇ ಗಟ್ಟಿ ಕಾಲಿನದು. ಕೊನೆಯ ಕುಪ್ಪಳಿಕೆಗೆ ಮುಂಚೆ ಮೊಣಕಾಲು ಬೇಕಾದಷ್ಟು ಮಡಿಸಬಹುದು. ಆದರೆ ಬೀಸಲು ಇನ್ನೊಂದು ಕಾಲಿಲ್ಲ, ಆ ಕೆಲಸವನ್ನು ತೋಳುಗಳು ಮಾಡಬೇಕು. ಓಟದ ವೇಗವೂ ಕಡಿಮೆ, ಪ್ರತಿ ಕುಪ್ಪಳಿಕೆಯ ಪೆಟ್ಟೂ ಒಂದೇ ಕಣಕಾಲಿಗೆ, ಒಂದೇ ಮೊಣಕಾಲಿಗೆ. ಮೂರನೇ ದಾರಿ ಇತ್ತೀಚೆಗೆ ಅಮೆರಿಕದ ಎಜ್ರಾ ಫ್ರೆಚ್ ಅವರಂಥವರದು: ಬ್ಲೇಡ್ (ಬಾಗಿದ ಪಟ್ಟಿಯಂಥ ಕೃತಕ ಕಾಲು) ಧರಿಸಿ ಓಡಿ, ಗಟ್ಟಿ ಕಾಲಲ್ಲಿ ನೆಗೆಯುವುದು. ಆರನೇ ಹೆಜ್ಜೆ ಬ್ಲೇಡಿನ ಮೇಲೆ ಬೀಳುತ್ತದೆ. ಬ್ಲೇಡ್ ಕುಸಿಯುವುದಿಲ್ಲ, ಸ್ವಲ್ಪ ಚಿಮ್ಮುತ್ತದೆ ಕೂಡ. ಆದರೆ ಅದು ಎಷ್ಟು ಬಾಗಬೇಕು ಎಂಬುದು ಜಿಗಿತಗಾರನ ಕೈಯಲ್ಲಿಲ್ಲ, ತಯಾರಿಸುವಾಗಲೇ ತೀರ್ಮಾನವಾಗಿರುತ್ತದೆ. ಒಂದೇ ಸ್ಪರ್ಧೆಯಲ್ಲಿ ಇಂಥ ಬೇರೆ ಬೇರೆ ದೇಹಗಳು, ಬೇರೆ ಬೇರೆ ಪರಿಹಾರಗಳು ಎದುರಾಗುತ್ತವೆ. ಎತ್ತರ ಜಿಗಿತ ಕಲಿಸುವವರು ಪ್ಯಾರಾ ಸ್ಪರ್ಧೆಗಳನ್ನು ತಪ್ಪದೇ ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಎತ್ತರ ಒಂದೇ ಆದರೂ ಚಿನ್ನ ಒಬ್ಬರಿಗೆ, ಬೆಳ್ಳಿ ಒಬ್ಬರಿಗೆ ಹೇಗೆ ಎಂದು ಅನೇಕರು ಕೇಳುತ್ತಾರೆ. ಉತ್ತರ ಕೌಂಟ್‌ಬ್ಯಾಕ್. ಪ್ರತಿ ಎತ್ತರಕ್ಕೆ ಮೂರು ಅವಕಾಶ, ಸತತ ಮೂರು ಸಲ ತಪ್ಪಿದರೆ ಆಟ ಮುಗಿಯಿತು. ಇಬ್ಬರ ಅತಿ ಹೆಚ್ಚಿನ ಎತ್ತರ ಸಮವಾದರೆ, ಆ ಎತ್ತರದಲ್ಲಿ ಯಾರು ಕಡಿಮೆ ಸಲ ತಪ್ಪಿದರು ಎಂದು ಮೊದಲು ನೋಡುತ್ತಾರೆ. ಅದೂ ಸಮವಾದರೆ ಮೊದಲಿನಿಂದ ಆ ಎತ್ತರದವರೆಗೆ ಒಟ್ಟು ಎಷ್ಟು ಸಲ ತಪ್ಪಿದರು ಎಂದು ಎಣಿಸುತ್ತಾರೆ. ಅದೂ ಸಮವಾಗಿ, ಪ್ರಶ್ನೆ ಮೊದಲ ಸ್ಥಾನದ್ದಾದರೆ ಮಾತ್ರ ಜಂಪ್-ಆಫ್, ಅಂದರೆ ಅವರನ್ನು ಮತ್ತೆ ಜಿಗಿಸಿ ತೀರ್ಮಾನಿಸುವುದು. ಲಂಡನ್ನಿನಲ್ಲಿ ಕೌಂಟ್‌ಬ್ಯಾಕ್‌ನಲ್ಲೇ ಡೆಲಾನಾ ಮುಂದಾದರು. ಪೆಸಿಫಿಕ್ ದ್ವೀಪರಾಷ್ಟ್ರಗಳಿಗೆ ಅದು ಮೊದಲ ಪ್ಯಾರಾಲಿಂಪಿಕ್ ಚಿನ್ನ. ಡೆಲಾನಾ ಮುಂದೆ 2014ರಲ್ಲಿ ಫಿಜಿಯ ಸಂಸತ್ತಿಗೆ ಆಯ್ಕೆಯಾಗಿ ಯುವಜನ ಮತ್ತು ಕ್ರೀಡಾ ಖಾತೆಯ ಸಹಾಯಕ ಸಚಿವರಾದರು.

ಈ ನಿಯಮವನ್ನು ಮಕ್ಕಳಿಗೆ ಕಾಗದದ ಮೇಲೆ ಬರೆದು ತೋರಿಸಿ. ದಾಟಿದ್ದಕ್ಕೆ ಸೊನ್ನೆ, ತಪ್ಪಿದ್ದಕ್ಕೆ ಗುಣಾಕಾರದ ಗುರುತು, ಆ ಎತ್ತರವನ್ನು ಜಿಗಿಯದೆ ಬಿಟ್ಟು 'ಪಾಸ್' ಹೇಳಿದ್ದಕ್ಕೆ ಅಡ್ಡಗೆರೆ. ಎರಡು ಸಾಲು ಬರೆದು ಯಾರು ಗೆದ್ದರು ಎಂದು ಅವರನ್ನೇ ಕೇಳಿ. ಆಗ 'ಪಾಸ್' ಹೇಳುವುದರ ಬೆಲೆ ಗೊತ್ತಾಗುತ್ತದೆ. ಒಂದೇ ಕಾಲು ಎಲ್ಲ ಪೆಟ್ಟನ್ನೂ ತಿನ್ನುವ ಜಿಗಿತಗಾರನಿಗಂತೂ ಇದು ಬಹಳ ಮುಖ್ಯ. ಎಂಟು ಹತ್ತು ನೆಗೆತವಾದ ಮೇಲೆ ಆ ಕಾಲಿನ ಚಿಮ್ಮು ಇಳಿಯತೊಡಗುತ್ತದೆ. ತೀರ ಕೆಳಗಿನ ಎತ್ತರದಿಂದ ಶುರುಮಾಡಿದರೆ ಕಾಲು ದಣಿಯುತ್ತದೆ. ತೀರ ಮೇಲಿಂದ ಶುರುಮಾಡಿ ಮೂರೂ ತಪ್ಪಿದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ತರಬೇತಿಯಲ್ಲಿ ಹತ್ತಕ್ಕೆ ಒಂಬತ್ತು ಸಲ ದಾಟುವ ಎತ್ತರದಿಂದ ಶುರುಮಾಡಿಸುವುದು ಸುರಕ್ಷಿತ. ಸಮಯದ ಮಿತಿಯನ್ನೂ ಅಭ್ಯಾಸದಲ್ಲಿ ಪಾಲಿಸಿ: ಮೂವರಿಗಿಂತ ಹೆಚ್ಚು ಮಂದಿ ಉಳಿದಿರುವಾಗ ಒಬ್ಬರಿಗೆ ಒಂದು ನಿಮಿಷ, ಇಬ್ಬರೋ ಮೂವರೋ ಉಳಿದಾಗ ಒಂದೂವರೆ ನಿಮಿಷ, ಒಬ್ಬರೇ ಉಳಿದರೆ ಮೂರು ನಿಮಿಷ.

ಇನ್ನು ನಿಮ್ಮ ಶಾಲೆಯಲ್ಲೇ ಒಂದು ಕಾಲಿನ ಊನವಿರುವ, ಜಿಗಿಯುವ ಆಸೆಯಿರುವ ಮಗು ಇದ್ದರೆ ಎಲ್ಲಿಂದ ಶುರುಮಾಡಬೇಕು?

ಬಾರ್ ಕಟ್ಟುವ ಮೊದಲು ಮೂಳೆ ವೈದ್ಯರೋ ಫಿಸಿಯೋಥೆರಪಿಸ್ಟೋ ಒಮ್ಮೆ ನೋಡಲಿ. ನೋಡಬೇಕಾದ್ದು ಊನದ ಕಾಲನ್ನು ಮಾತ್ರವಲ್ಲ, ಗಟ್ಟಿ ಕಾಲನ್ನು, ಸೊಂಟವನ್ನು, ಬೆನ್ನುಹುರಿಯನ್ನು. ಹುಟ್ಟಿನಿಂದ ಕುಂಟುತ್ತ ನಡೆದ ಮಗುವಿನ ಸೊಂಟ ಒಂದು ಕಡೆ ವಾಲಿರುವುದು ಸಾಮಾನ್ಯ. ಆ ವಾಲಿಕೆಯ ಮೇಲೆ ನೆಗೆತದ ಪೆಟ್ಟು ಬಿದ್ದರೆ ಕೆಳಬೆನ್ನು ನೋಯುತ್ತದೆ. ಎರಡು ಪಾದದ ಅಳತೆ ಬೇರೆಯಾಗಿದ್ದರೆ ಒಂದೇ ಅಳತೆಯ ಜೋಡಿ ಕೊಡಿಸಿ ಹತ್ತಿ ತುರುಕಬೇಡಿ, ಆರನೇ ಹೆಜ್ಜೆಯಲ್ಲಿ ಪಾದ ಶೂ ಒಳಗೇ ಜಾರುತ್ತದೆ. ಖರ್ಚಾದರೂ ಎರಡು ಅಳತೆಯ ಎರಡು ಜೋಡಿ ಕೊಳ್ಳಬೇಕಾಗುತ್ತದೆ. ದಾನಿಗಳನ್ನು ಕೇಳುವಾಗ ಮೊದಲು ಇದನ್ನೇ ಕೇಳಿ.

ಓಟ ಮೂರು ಹೆಜ್ಜೆಯಿಂದ ಶುರುವಾಗಲಿ. ಮೂರರಲ್ಲಿ ಲಯ ಬಂದ ಮೇಲೆ ಐದು, ಆಮೇಲೆ ಏಳು. ಮೊದಲ ಹೆಜ್ಜೆ ಗಟ್ಟಿ ಕಾಲಿನಿಂದಲೇ ಇಡಿಸಿದರೆ ಕೊನೆಯದೂ ಅದೇ ಕಾಲಿಗೆ ಬರುತ್ತದೆ. ಎಡಗಾಲಿನ ಊನವಿರುವ ಮಗು ಬಾರ್ ಕಡೆ ಮುಖಮಾಡಿ ನಿಂತಾಗ ತನ್ನ ಎಡಬದಿಯಿಂದ ಓಡಿಬರಬೇಕು, ಬಲಗಾಲಿನ ಊನವಾದರೆ ಬಲಬದಿಯಿಂದ. ಇದನ್ನು ಅದಲುಬದಲು ಮಾಡಿಸುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಉಳಿದ ಮಕ್ಕಳೆಲ್ಲ ಒಂದು ಕಡೆಯಿಂದ ಬರುತ್ತಾರೆಂದು ಈ ಮಗುವನ್ನೂ ಅದೇ ಸಾಲಿಗೆ ನಿಲ್ಲಿಸಿಬಿಡುತ್ತಾರೆ. ಆಗ ಮಗು ಊನದ ಕಾಲಲ್ಲಿ ನೆಗೆಯಬೇಕು, ಇಲ್ಲವೇ ಬಾರ್‌ಗೆ ಹತ್ತಿರದ ಕಾಲಲ್ಲಿ ನೆಗೆದು ತನ್ನ ಕಾಲಿಗೆ ತಾನೇ ಅಡ್ಡವಾಗಬೇಕು.

ಹೆಜ್ಜೆಯ ಗುರುತು ಹಾಕುವಾಗ ಒಂದೊಂದು ಹೆಜ್ಜೆಯನ್ನೂ ಸಮನಾಗಿ ಅಳೆಯುವ ರೂಢಿ ಇಲ್ಲಿ ನಡೆಯುವುದಿಲ್ಲ. ಎಡ ಹೆಜ್ಜೆಯೂ ಬಲ ಹೆಜ್ಜೆಯೂ ಒಂದೇ ಉದ್ದ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಎರಡೆರಡು ಹೆಜ್ಜೆಗೆ ಒಂದು ಗುರುತು ಹಾಕಿ. ಮಗುವನ್ನು ಮೊದಲು ಬಾರ್ ಇಲ್ಲದೆ ಹತ್ತು ಸಲ ಓಡಿಸಿ, ಗಟ್ಟಿ ಕಾಲು ಬಿದ್ದ ಜಾಗಕ್ಕೆ ಪ್ರತಿ ಸಲವೂ ಸುಣ್ಣ ಹಾಕಿ. ಗುರುತುಗಳು ಒಂದಡಿಯೊಳಗೆ ಗುಂಪಾಗಿ ಬೀಳುವ ತನಕ ಬಾರ್ ಇಡಬೇಡಿ. ನೆಗೆಯುವ ಜಾಗ ಬಾರ್‌ನ ನೇರದಿಂದ ಸುಮಾರು 70 ಸೆಂಟಿಮೀಟರಿನಿಂದ ಒಂದು ಮೀಟರ್ ದೂರದಲ್ಲಿರಲಿ. ಬಾರ್ ಏರಿದಂತೆ ಅದನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸಬೇಕು. ಏರುವಾಗಲೇ ಬಾರ್ ಬಡಿದರೆ ಹತ್ತಿರದಿಂದ ನೆಗೆದಿದ್ದಾರೆ ಎಂದರ್ಥ, ಇಳಿಯುವಾಗ ಬಾರ್ ಮೇಲೆ ಕೂತರೆ ದೂರದಿಂದ ನೆಗೆದಿದ್ದಾರೆ. ಮುಂದಿನ ಕಾಲು, ಮುಂಡ ಎಲ್ಲ ದಾಟಿ ಕೊನೆಗೆ ಹಿಂದಿನ ಕಾಲಿನ ಹಿಮ್ಮಡಿ ಬಾರ್ ಕೆಡವಿದರೆ ಎತ್ತರದ ಕೊರತೆ ಅಲ್ಲ, ಹಿಂಗಾಲನ್ನು ಎಳೆದುಕೊಂಡದ್ದು ತಡವಾಯಿತು.

ಆರನೇ ಹೆಜ್ಜೆಗೆ ಏನು ಮಾಡುವುದು? ಎರಡು ದಾರಿ ಇವೆ. ಊನದ ಕಾಲಿಗೆ ಸ್ವಲ್ಪವಾದರೂ ಭಾರ ಹೊರುವ ಶಕ್ತಿ ಇದ್ದರೆ ಅದನ್ನು ಬೆಳೆಸಿ: 15 ಸೆಂಟಿಮೀಟರ್ ಎತ್ತರದ ಮೆಟ್ಟಿಲನ್ನು ಆ ಕಾಲಲ್ಲಿ ಹತ್ತುವುದು, ಮೆಲ್ಲಗೆ ಇಳಿಯುವುದು, ಎಂಟೆಂಟರಂತೆ ಮೂರು ಸಲ. ಬೀಸಿಗೆ ರಬ್ಬರ್ ಪಟ್ಟಿ ಕಟ್ಟಿ ತೊಡೆ ಎತ್ತುವುದು, ಹನ್ನೆರಡರಂತೆ ಮೂರು ಸಲ. ಶಕ್ತಿ ಬೆಳೆಯಲಾರದು ಎಂದಾದರೆ ಆ ಹೆಜ್ಜೆಯನ್ನು ಗಿಡ್ಡ ಮಾಡಿಸಿ, ಬೇಗ ಮುಗಿಸಿಬಿಡಲಿ. ಪಾದ ನೆಲ ಮುಟ್ಟಿ ಕೂಡಲೇ ಎತ್ತಿದಂತಿರಬೇಕು. ದೇಹ ಕೆಳಗಿಳಿಯುವ ಕೆಲಸವನ್ನು ಐದನೇ ಹೆಜ್ಜೆಯ ಗಟ್ಟಿ ಕಾಲಿನಲ್ಲೇ ಅರ್ಧ ಮುಗಿಸಿಕೊಳ್ಳಬೇಕು. ಇದರಿಂದ ವೇಗ ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಆದರೆ ಕುಸಿದು ಕಳೆದುಕೊಳ್ಳುವ ವೇಗಕ್ಕಿಂತ ಅದು ಕಡಿಮೆಯೇ. ಯಾವ ದಾರಿ ಎಂದು ತೀರ್ಮಾನಿಸಲು ಮೊಬೈಲಿನಲ್ಲಿ ಬದಿಯಿಂದ ನಿಧಾನಗತಿಯ ವಿಡಿಯೊ ತೆಗೆದು ಮಗುವಿನ ಸೊಂಟದ ಪಟ್ಟಿಯನ್ನು ಗಮನಿಸಿ. ಐದರಿಂದ ಏಳನೇ ಹೆಜ್ಜೆಯವರೆಗೆ ಸೊಂಟ ನವಿರಾಗಿ ಇಳಿದು ಏರಬೇಕು. ಆರನೆಯದರಲ್ಲಿ ದಿಢೀರನೆ ಕುಸಿದರೆ ಎರಡನೇ ದಾರಿ ಹಿಡಿಯಿರಿ.

ಗಟ್ಟಿ ಕಾಲನ್ನು ಕಾಪಾಡುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಉಳಿದವರಿಗೆ ಒಂದು ಕಾಲು ನೋವಾದರೆ ಇನ್ನೊಂದಿದೆ. ಈ ಮಗು ನಡೆಯುವುದು, ಮೆಟ್ಟಿಲು ಹತ್ತುವುದು, ಬಸ್ಸಿನಲ್ಲಿ ನಿಲ್ಲುವುದು ಎಲ್ಲ ಆ ಒಂದೇ ಕಾಲಿನ ಬಲದಲ್ಲಿ. ವಾರಕ್ಕೆ ಎರಡೇ ದಿನ ನೆಗೆತ, ದಿನಕ್ಕೆ ಪೂರ್ಣ ಓಟದ ನೆಗೆತ ಹದಿನೈದು ದಾಟದಿರಲಿ, ನಡುವೆ ಕನಿಷ್ಠ ಎರಡು ದಿನದ ಅಂತರವಿರಲಿ. ಸಿಮೆಂಟ್ ನೆಲದಲ್ಲಿ ಕುಪ್ಪಳಿಸುವ ವ್ಯಾಯಾಮ ಬೇಡವೇ ಬೇಡ, ಹುಲ್ಲಿನ ಮೇಲೆ ಐದೈದರಂತೆ ಮೂರು ಸಲ ಸಾಕು. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಕೆಳಗೆ ನೋವು ಬಂದರೆ ಅದು ಸ್ನಾಯುರಜ್ಜುವಿನ ಎಚ್ಚರಿಕೆ. ನೋವು ಪೂರ್ತಿ ಹೋಗುವವರೆಗೆ ನೆಗೆತ ನಿಲ್ಲಿಸಿ. 'ಜಿಲ್ಲಾ ಕೂಟ ಮುಗಿಯಲಿ ಆಮೇಲೆ ನೋಡೋಣ' ಎಂಬ ಮಾತು ಇಲ್ಲಿ ಸಲ್ಲದು.

ಸಿಜರ್ಸ್‌ನಲ್ಲಿ ಆಚೆ ಬದಿಗೆ ಮೊದಲು ಇಳಿಯುವುದು ಮುಂದಿನ ಕಾಲು, ಅಂದರೆ ಊನದ ಕಾಲು. ಇದನ್ನು ಮರೆಯಬೇಡಿ. ಮರಳುಗುಂಡಿಯಲ್ಲಿ ಒಂದು ಮೀಟರಿನ ಮೇಲೆ ಜಿಗಿಸಿದರೆ ಆ ಕಾಲು ತಿರುಚಿಕೊಳ್ಳುವ ಅಪಾಯ ಇದೆ. ದೊಡ್ಡ ಕೂಟಗಳಲ್ಲಿ 6 ಮೀಟರ್ ಉದ್ದ, 4 ಮೀಟರ್ ಅಗಲ, 70 ಸೆಂಟಿಮೀಟರ್ ದಪ್ಪದ ಮ್ಯಾಟ್ ಇರುತ್ತದೆ. ಶಾಲೆಗೆ ಅಷ್ಟು ಆಗದು. ತಾಲ್ಲೂಕು ಅಥವಾ ಜಿಲ್ಲಾ ಕ್ರೀಡಾಂಗಣದಲ್ಲಿ ಮ್ಯಾಟ್ ಇದ್ದರೆ ವಾರಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಶಾಲೆಯಲ್ಲಿ ಓಟ, ಲಯ, ಶಕ್ತಿಯ ಅಭ್ಯಾಸ ಮಾತ್ರ ನಡೆಯಲಿ. ಮ್ಯಾಟಿನ ಮೇಲೆ ಕಾಲೂರಿ ನಿಲ್ಲಲು ಬಿಡದೆ, ಕಾಲು ತಾಗಿದ ಕೂಡಲೇ ಕುಳಿತು ಬೆನ್ನಿಗೆ ಉರುಳುವುದನ್ನು ಕಲಿಸಿ. ಮ್ಯಾಟುಗಳ ನಡುವೆ ಸಂದಿ ಇದ್ದರೆ ಮೇಲೆ ಒಂದೇ ಹೊದಿಕೆ ಬಿಗಿಯಾಗಿ ಕಟ್ಟಿ, ಪಾದ ಸಂದಿಯೊಳಗೆ ಇಳಿಯಬಾರದು. ಬಾರ್ 4 ಮೀಟರ್ ಉದ್ದ, 2 ಕಿಲೋಗಿಂತ ಹೆಚ್ಚು ತೂಕವಿಲ್ಲದ್ದು. ಅದರ ತುದಿಗೂ ಕಂಬಕ್ಕೂ ನಡುವೆ ಕನಿಷ್ಠ 1 ಸೆಂಟಿಮೀಟರ್ ಜಾಗ ಬಿಡಿ. ಬಿಗಿಯಾಗಿ ಕೂರಿಸಿದರೆ ತಾಗಿದರೂ ಬೀಳುವುದಿಲ್ಲ, ಮಗುವಿಗೆ ಸುಳ್ಳು ಎತ್ತರ ಅಭ್ಯಾಸವಾಗುತ್ತದೆ. ಎತ್ತರ ಅಳೆಯುವುದು ಬಾರ್‌ನ ನಡುವೆ, ಅದು ಜಗ್ಗಿದ ಕಡೆ, ಮೇಲಂಚಿನವರೆಗೆ.

ಲಂಡನ್ ನಂತರ ಈ ಸ್ಪರ್ಧೆಯ ಎತ್ತರ ಬಹಳ ಬದಲಾಗಿದೆ. ರಿಯೊದಲ್ಲಿ ತಮಿಳುನಾಡಿನ ಸೇಲಂ ಜಿಲ್ಲೆಯ ಮಾರಿಯಪ್ಪನ್ ತಂಗವೇಲು 1.89 ದಾಟಿ ಚಿನ್ನ ಗೆದ್ದರು, ವರುಣ್ ಸಿಂಗ್ ಭಾಟಿ 1.86ಕ್ಕೆ ಕಂಚು ಗೆದ್ದರು. ಮಾರಿಯಪ್ಪನ್ ತಯಾರಾದದ್ದು ನಮ್ಮ ಬೆಂಗಳೂರಿನಲ್ಲೇ, ತರಬೇತುದಾರ ಸತ್ಯನಾರಾಯಣ ಅವರ ಬಳಿ. ಟೋಕಿಯೊದಲ್ಲಿ ಅಮೆರಿಕದ ಸ್ಯಾಮ್ ಗ್ರೂ 1.88, ಮಾರಿಯಪ್ಪನ್ 1.86, ಶರದ್ ಕುಮಾರ್ 1.83. ಪ್ಯಾರಿಸ್‌ನಲ್ಲಿ ಫ್ರೆಚ್ 1.94, ಶರದ್ 1.88, ಮಾರಿಯಪ್ಪನ್ 1.85. ಈ ಅಂಕಿಗಳನ್ನು ನೋಡಿ ಹನ್ನೆರಡು ವರ್ಷದಲ್ಲಿ ಮನುಷ್ಯರ ಕಾಲು ಗಟ್ಟಿಯಾಯಿತು ಎಂದುಕೊಳ್ಳಬೇಡಿ. ಕೆನಡಾದ ಆರ್ನಿ ಬೋಲ್ಟ್ ಒಂಟಿಕಾಲಲ್ಲಿ ಕುಪ್ಪಳಿಸಿ ಬಂದು 1976ರಲ್ಲೇ 1.86, 1980ರಲ್ಲಿ 1.96 ಮೀಟರ್ ದಾಟಿದ್ದರು. ದೇಹದ ಮಿತಿ ಮೊದಲಿನಿಂದಲೂ ಅಷ್ಟು ಮೇಲೆಯೇ ಇತ್ತು. ಆಮೇಲೆ ಬಂದದ್ದು ಸರಿಯಾದ ಮ್ಯಾಟ್, ವರ್ಷವಿಡೀ ತರಬೇತಿ, ಜೊತೆಗೆ ಜಿಗಿಯಲು ತನ್ನದೇ ವರ್ಗದ ಇನ್ನಿಬ್ಬರು ಮೂವರು. ಗಿರೀಶ್ ಬೆಳೆಯುವ ಕಾಲಕ್ಕೆ ಈ ಕೊನೆಯದು ಇಲ್ಲಿ ಬಹಳ ವಿರಳವಾಗಿತ್ತು.

ಕಾಗದಪತ್ರದ ಒಂದು ಮಾತು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಒಳ್ಳೆಯ ಜಿಗಿತಗಾರರು ಸ್ಪರ್ಧೆಯ ದಿನ ವಾಪಸ್ ಬರುವುದು ಇಲ್ಲಿಯೇ. ಸರ್ಕಾರದ ಅಂಗವಿಕಲತೆಯ ಪ್ರಮಾಣಪತ್ರ ಬೇರೆ, ಕ್ರೀಡಾ ವರ್ಗೀಕರಣ ಬೇರೆ. ಪ್ರಮಾಣಪತ್ರದಲ್ಲಿ 40 ಪ್ರತಿಶತ ಎಂದಿದ್ದ ಮಾತ್ರಕ್ಕೆ ಟಿ42 ಸಿಗುವುದಿಲ್ಲ. ವರ್ಗೀಕರಣ ಮಾಡುವವರು ಕೀಲಿನ ಚಲನೆ, ಸ್ನಾಯುವಿನ ಶಕ್ತಿ, ಕಾಲಿನ ಉದ್ದವನ್ನು ತಾವೇ ಪರೀಕ್ಷಿಸುತ್ತಾರೆ, ಆಮೇಲೆ ಸ್ಪರ್ಧೆಯಲ್ಲೂ ಗಮನಿಸುತ್ತಾರೆ. ಎಕ್ಸ್-ರೇ, ವೈದ್ಯರ ವಿವರವಾದ ವರದಿ, ಹಿಂದೆ ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ದಾಖಲೆ, ಜಿಗಿತದ ವಿಡಿಯೊ ಜೊತೆಗಿರಲಿ. ಮೊದಲ ಸಲ 'ರಿವ್ಯೂ' ಎಂದು ಬಂದರೆ ಎದೆಗುಂದಬೇಡಿ. ಬೆಳೆಯುವ ಮಕ್ಕಳಿಗೆ ಅದು ಸಾಮಾನ್ಯ, ಹೇಳಿದ ವರ್ಷಕ್ಕೆ ಮತ್ತೆ ತೋರಿಸಬೇಕಷ್ಟೆ. ವರ್ಗ ಸಿಗುವವರೆಗೂ ಮಗುವನ್ನು ಶಾಲಾ ಕ್ರೀಡಾಕೂಟದ ಸಾಮಾನ್ಯ ಎತ್ತರ ಜಿಗಿತಕ್ಕೇ ಹೆಸರು ಕೊಟ್ಟು ಜಿಗಿಸಿ. ಒಂದು ಕಾಲಲ್ಲಿ ನೆಗೆಯಬೇಕು ಎಂಬುದಷ್ಟೇ ನಿಯಮ, ಇನ್ನೊಂದು ಕಾಲು ಹೇಗಿರಬೇಕು ಎಂದು ಎಲ್ಲೂ ಬರೆದಿಲ್ಲ.